ಗೋಗಿಯ ಕಲ್ಲಿನಿಂದ ವ್ಯೋಮನೌಕೆ ಓಡುತ್ತದೆಯೇ? ಯುರೇನಿಯಂಗೆ ಹೆಸರಿಟ್ಟ ಕ್ಲಾಪ್ರೋತ್ ಕಥೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸುಣ್ಣಕಲ್ಲು ಮತ್ತು ಗ್ರಾನೈಟ್ ಶಿಲೆಗಳ ನಡುವೆ ಯುರೇನಿಯಂ ಅದಿರು ಇದೆ. ದೂರದ ಗ್ರಹಗಳಿಗೆ ಹೋಗುವ ನೌಕೆಗಳಲ್ಲಿ ಪರಮಾಣು ಬ್ಯಾಟರಿ ಇರುತ್ತದೆ ಎಂದು ಕೇಳಿದವರು, ಅದರೊಳಗೆ ಇಂತಹ ಅದಿರೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ಅದು ನಿಜವಲ್ಲ. ಏಕೆಂದು ತಿಳಿಯಲು ಯುರೇನಿಯಂಗೆ ಹೆಸರಿಟ್ಟವರ ಬದುಕಿನಿಂದಲೇ ಶುರುಮಾಡೋಣ.

ಮಾರ್ಟಿನ್ ಹೈನ್‌ರಿಕ್ ಕ್ಲಾಪ್ರೋತ್ 1743ರಲ್ಲಿ ಜರ್ಮನಿಯ ವೆರ್ನಿಗೆರೋಡೆ ಊರಿನಲ್ಲಿ ಹುಟ್ಟಿದರು. ತಂದೆ ದರ್ಜಿ. 1751ರ ಬೆಂಕಿ ಅನಾಹುತದಿಂದ ಕುಟುಂಬ ಬಡತನಕ್ಕೆ ಸಿಲುಕಿತು. ಹುಡುಗ ಔಷಧಿ ಅಂಗಡಿ ಸೇರಿ, ಅಲ್ಲೇ ರಸಾಯನಶಾಸ್ತ್ರ ಕಲಿತ. 1771ರಲ್ಲಿ ಬರ್ಲಿನ್‌ಗೆ ಬಂದಾಗ ಕೆಲಸ ಕೊಟ್ಟ ಮಾಲೀಕ ಸ್ವಲ್ಪ ದಿನಕ್ಕೇ ತೀರಿಕೊಂಡರು. ಕ್ಲಾಪ್ರೋತ್ ಅವರ ಅಂಗಡಿಯನ್ನೂ ನಡೆಸಿದರು, ಮಕ್ಕಳನ್ನೂ ಬೆಳೆಸಿದರು. 1780ರಲ್ಲಿ ಸ್ವಂತ ಅಂಗಡಿ ಮಾಡಿಕೊಂಡರು.

1789ರಲ್ಲಿ ಅವರು ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರನ್ನು ಆಮ್ಲದಲ್ಲಿ ಕರಗಿಸಿ ಹೊಸ ಧಾತುವಿನ ಸುಳಿವು ಹಿಡಿದರು. ಎಂಟು ವರ್ಷಗಳ ಹಿಂದಷ್ಟೇ ಪತ್ತೆಯಾಗಿದ್ದ ಯುರೇನಸ್ ಗ್ರಹದ ಹೆಸರನ್ನೇ ಅದಕ್ಕಿಟ್ಟರು. ಕೈಗೆ ಬಂದ ಕಪ್ಪು ಪುಡಿಯೇ ಶುದ್ಧ ಲೋಹವೆಂದು ಅವರು ನಂಬಿದ್ದರು. ಅದು ಆಕ್ಸೈಡ್ ಎಂದು 1841ರಲ್ಲಿ ಪೆಲಿಗೋ ತೋರಿಸಿದರು. 1798ರಲ್ಲಿ ಕ್ಲಾಪ್ರೋತ್ ಇನ್ನೊಂದು ಧಾತುವಿಗೆ ಭೂಮಿಯ ಲ್ಯಾಟಿನ್ ಹೆಸರಿನಿಂದ ಟೆಲುರಿಯಂ ಎಂದು ಹೆಸರಿಟ್ಟರು; ಅದನ್ನು ಮೊದಲು ಕಂಡ ಕೀರ್ತಿಯನ್ನು ಮ್ಯುಲರ್ ಅವರಿಗೇ ಬಿಟ್ಟುಕೊಟ್ಟರು. ಅಂಗಡಿಯಲ್ಲಿ ಕಲಿತ ಅವರು 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು. 1817ರಲ್ಲಿ ತೀರಿಕೊಂಡರು. ವಿಕಿರಣದ ಸುದ್ದಿ ಜಗತ್ತಿಗೆ ತಿಳಿದದ್ದು 1896ರಲ್ಲಿ.

ಈಗ ನೌಕೆಯ ವಿಷಯ. ಯುರೇನಸ್ ಬಳಿ ಸಿಗುವ ಬಿಸಿಲು ಭೂಮಿಯದ್ದರ ಸುಮಾರು 370ನೇ ಒಂದು ಪಾಲು. ಹಾಗಾಗಿ ಸೌರಫಲಕ ಸಾಲದು. ಯುರೇನಿಯಂ ಅರ್ಧ ಕರಗಲು ಸುಮಾರು 450 ಕೋಟಿ ವರ್ಷ ಬೇಕು. ಅಷ್ಟು ನಿಧಾನವಾದರೆ ಕಾವು ಸಾಲದು. ಪ್ಲುಟೋನಿಯಂ-238 ಅರ್ಧವಾಗಲು ಸುಮಾರು 88 ವರ್ಷ. ಒಂದು ಗ್ರಾಂನಿಂದ ಅರ್ಧ ವ್ಯಾಟ್‌ನಷ್ಟು ಶಾಖ ತಾನಾಗಿ ಬರುತ್ತಿರುತ್ತದೆ. ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ ಹರಿಯುತ್ತದೆ. 1972ರಲ್ಲಿ ಹೊರಟ ಪಯೋನಿಯರ್ 10 ನೌಕೆಯಲ್ಲಿ ಈ ಕೆಲಸ ಮಾಡಿದ್ದು ಟೆಲುರಿಯಂ ಬೆರೆತ ವಸ್ತು. ಅದರ ಕೊನೆಯ ಸಂಕೇತ ಬಂದದ್ದು 2003ರಲ್ಲಿ. 1977ರಲ್ಲಿ ಹೊರಟ ವಾಯೇಜರ್ 2 ಕೂಡ ಪ್ಲುಟೋನಿಯಂ ಕಾವಿನಿಂದಲೇ 1986ರಲ್ಲಿ ಯುರೇನಸ್ ದಾಟಿತು.

ಆ ಪ್ಲುಟೋನಿಯಂ ನೆಲದಿಂದ ಅಗೆದದ್ದಲ್ಲ. ರಿಯಾಕ್ಟರಿನಲ್ಲಿ ಯುರೇನಿಯಂನಿಂದ ನೆಪ್ಚೂನಿಯಂ, ಅದರಿಂದ ಪ್ಲುಟೋನಿಯಂ ತಯಾರಾಗುತ್ತದೆ. ಅದಿರಿಗೂ ನೌಕೆಯ ಇಂಧನಕ್ಕೂ ಇರುವುದು ಅಜ್ಜ-ಮೊಮ್ಮಗನ ನಂಟು.

ತೂಕ ತಾಳೆಯಾಗದಿದ್ದರೂ ಬಂದ ಲೆಕ್ಕವನ್ನೇ ಪ್ರಕಟಿಸುವುದು ಕ್ಲಾಪ್ರೋತ್ ಪದ್ಧತಿಯಾಗಿತ್ತು. ಗಣಿಯಿಂದ ನಮ್ಮ ಬಾವಿ ನೀರು ಕೆಡುತ್ತದೆಯೇ ಎಂದು ಕೇಳುವ ಗೋಗಿಯವರಿಗೂ ಸಲ್ಲಬೇಕಾದದ್ದು ಅದೇ: ವದಂತಿಯಲ್ಲ, ಬರಿ ಭರವಸೆಯೂ ಅಲ್ಲ, ಅಳೆದು ತೋರಿಸಿದ ಲೆಕ್ಕ.