ನೆಲವನ್ನು ನಂಬಿದ ಮಾರ್ಕೋನಿ

ನಿಸ್ತಂತು ವಾರ್ತೆಯಿಂದ ಲೋಕಪ್ರಸಿದ್ಧನಾದ ಮಾರ್ಕೋನಿಯು 1874ರ ಏಪ್ರಿಲ್ 25ರಂದು ಇಟಲಿಯ ಬೊಲೋನ್ಯಾ ನಗರದಲ್ಲಿ ಜನಿಸಿದನು. ತಂದೆ ಇಟಲಿಯ ಜಮೀನುದಾರ, ತಾಯಿ ಐರ್ಲೆಂಡಿನವಳು. ವಿಶ್ವವಿದ್ಯಾಲಯದ ಪದವಿಯ ಭಾಗ್ಯ ಅವನಿಗಿರಲಿಲ್ಲ. ಆದರೆ ಪ್ರಾಧ್ಯಾಪಕ ರೀಗಿಯವರ ಸಹವಾಸದಿಂದ ವಿದ್ಯುತ್ತರಂಗಗಳಲ್ಲಿ ಆಸಕ್ತಿ ಬೆಳೆಯಿತು. ಮನೆಯ ಅಟ್ಟವೇ ಪ್ರಯೋಗಶಾಲೆಯಾಯಿತು.

1895ರಲ್ಲಿ ಅವನೊಂದು ಹೊಸ ಕ್ರಮವನ್ನು ಕೈಗೊಂಡನು. ಯಂತ್ರದ ಒಂದು ತಂತಿಯನ್ನು ಕಂಬದ ತುದಿಗೇರಿಸಿ, ಇನ್ನೊಂದನ್ನು ನೆಲದಲ್ಲಿ ಹೂತನು. ಹತ್ತಿರದಲ್ಲೇ ಅಡಗುತ್ತಿದ್ದ ಸಂಕೇತವು ಗುಡ್ಡವನ್ನು ದಾಟಿ ಸುಮಾರು ಎರಡು ಕಿಲೋಮೀಟರಿನಾಚೆ ಮುಟ್ಟಿತು! ಅಲ್ಲಿದ್ದ ಅಣ್ಣ ಅಲ್ಫೋನ್ಸೋ ಬಂದೂಕು ಹಾರಿಸಿ ಜಯವನ್ನು ಸಾರಿದನು.

ನೆಲಕ್ಕೇಕೆ ಈ ಮಹತ್ತ್ವ? ತರಂಗದ ಕಾಲುಭಾಗದಷ್ಟು ಉದ್ದದ ನೆಟ್ಟನೆಯ ತಂತಿಯು ಅರ್ಧಾಂಗವಿದ್ದಂತೆ; ಉಳಿದರ್ಧವನ್ನು ಭೂಮಿಯೇ ಒದಗಿಸಬೇಕು. ಮೇಲೇರಿದ ವಿದ್ಯುತ್ತು ನೆಲದ ಮೂಲಕ ಮರಳಬೇಕು. ನೆಲವು ಒಣಗಿದ್ದರೆ ಶಕ್ತಿಯ ಬಹುಭಾಗ ಮಣ್ಣನ್ನು ಕಾಯಿಸುವುದರಲ್ಲೇ ವ್ಯರ್ಥವಾಗುತ್ತದೆ.

1896ರಲ್ಲಿ ಮಾರ್ಕೋನಿಯು ತಾಯಿಯೊಡನೆ ಇಂಗ್ಲೆಂಡಿಗೆ ತೆರಳಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. 1901ರ ಡಿಸೆಂಬರ್ 12ರಂದು, ಇಂಗ್ಲೆಂಡಿನ ಪೋಲ್ಡೂವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆ ನ್ಯೂಫೌಂಡ್‌ಲೆಂಡಿನಲ್ಲಿ, ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ತಾನು ಕೇಳಿದೆನೆಂದು ಹೇಳಿದನು. ಇದನ್ನು ಸಂಶಯಿಸುವ ವಿದ್ವಾಂಸರು ಇಂದಿಗೂ ಉಂಟು. 1909ರಲ್ಲಿ ಬ್ರೌನನೊಂದಿಗೆ ನೊಬೆಲ್ ಬಹುಮಾನ ಸಂದಿತು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ನಿಸ್ತಂತು ಮೊರೆಯನ್ನು ಕೇಳಿ ಬಂದ ಹಡಗೊಂದು 700ಕ್ಕೂ ಮಿಕ್ಕಿದ ಪ್ರಾಣಗಳನ್ನುಳಿಸಿತು. ಆದರೆ 1923ರಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷವನ್ನು ಸೇರಿದ್ದು ಅವನ ಬಾಳಿನ ಕಲೆ. ಅದನ್ನು ಮರೆಮಾಚುವುದು ನ್ಯಾಯವಲ್ಲ.

1937ರ ಜುಲೈ 20ರಂದು ಅವನು ರೋಮಿನಲ್ಲಿ ತೀರಿಕೊಂಡನು. ಅದೇ ವರ್ಷ ಅಮೆರಿಕದ ಮೂವರು ಎಂಜಿನಿಯರರು ಕಂಬದ ಬುಡದಿಂದ ಚಕ್ರದ ಅರಗಳಂತೆ ತಾಮ್ರದ ತಂತಿಗಳನ್ನು ಹೂತು ಅಳೆದ ಫಲವನ್ನು ಪ್ರಕಟಿಸಿದರು. ತಂತಿಗಳು ಹೆಚ್ಚಿದಷ್ಟೂ ನಷ್ಟ ತಗ್ಗುವುದೆಂದು ಸಿದ್ಧವಾಯಿತು. 120 ತಂತಿಗಳನ್ನು ಹೂಳುವುದು ಪ್ರಸಾರ ಕೇಂದ್ರಗಳ ರೂಢಿಯಾಯಿತು.

ನೆಟ್ಟನೆಯ ಏರಿಯಲ್ಲಿಗೆ ನೆಲದ ತಂತಿಗಳು ಬೇಕೇ ಎಂದು ಹವ್ಯಾಸಿ ರೇಡಿಯೋಗಾರರು ಇಂದಿಗೂ ಚರ್ಚಿಸುವುದುಂಟು. ಅರ್ಧ ತರಂಗದಷ್ಟು ಉದ್ದದ ಏರಿಯಲ್ಲಿಗೆ ಅವುಗಳ ಹಂಗು ಕಡಿಮೆ. ಮಾಳಿಗೆಯ ಮೇಲಾದರೆ ಅಳತೆಯ ನಾಲ್ಕು ತಂತಿಗಳನ್ನು ಹರಡಿ ಕಟ್ಟಿದರೂ ನಡೆದೀತು. ನೆಲದ ಮೇಲೆ ನಿಂತ ಕಾಲು ತರಂಗದ ಕಂಬಕ್ಕಾದರೋ ಅವು ಬೇಕೇ ಬೇಕು.

ಕಂಬದ ಎತ್ತರ ಎಲ್ಲರ ಕಣ್ಣಿಗೂ ಬೀಳುತ್ತದೆ. ಬುಡದಲ್ಲಿ ಹೂತ ತಂತಿಯನ್ನು ನೋಡುವವರಿಲ್ಲ. ಪರಊರಿನಲ್ಲಿ ದುಡಿದು ಮನೆಯನ್ನೆತ್ತಿ ನಿಲ್ಲಿಸುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.