ಕಾಣದ ಹೋರಿ ಮತ್ತು ಮಠದ ಬಟಾಣಿ

ಹೋರಿ ಹಾಲು ಕೊಡುವುದಿಲ್ಲ. ಆದರೂ ಹುಟ್ಟುವ ಹೆಣ್ಣುಕರುವಿನ ವಂಶಗುಣದಲ್ಲಿ ಅರ್ಧಪಾಲು ಹೋರಿಯದೇ. ಮುಂಡಾಜೆಯ ಹಟ್ಟಿಗಳಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ನಮ್ಮ ಕುಟುಂಬಗಳು ಆ ಹೋರಿಯನ್ನು ಕಾಣುವುದೇ ಇಲ್ಲ. ಕಾಣದುದನ್ನು ಯಾವ ಆಧಾರದ ಮೇಲೆ ನಂಬುವುದು? ಈ ಪ್ರಶ್ನೆಯ ಉತ್ತರಕ್ಕೆ ಬುನಾದಿ ಹಾಕಿದವರು ಒಬ್ಬ ಕಥೋಲಿಕ ಯಾಜಕರು ಎಂಬುದನ್ನು ನಾವು ಸ್ಮರಿಸಬೇಕು.

ಗ್ರೆಗರ್ ಮೆಂಡೆಲರು 1822ರ ಜುಲೈಯಲ್ಲಿ, ಇಂದಿನ ಚೆಕ್ ಗಣರಾಜ್ಯದಲ್ಲಿರುವ ಒಂದು ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ತಂದೆ ಗಾಯಗೊಂಡು ದುಡಿಯಲಾರದಾದಾಗ, ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಒಂದು ಪಾಲನ್ನು ಅಣ್ಣನ ಓದಿಗಾಗಿ ಬಿಟ್ಟುಕೊಟ್ಟಳು. 1843ರಲ್ಲಿ ಅವರು ಬ್ರನೋ ನಗರದ ಸಂತ ಅಗಸ್ಟೀನರ ಸಭೆಯ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ನೋವನ್ನು ಕಂಡು ತಾವೇ ಅಸ್ವಸ್ಥರಾಗುತ್ತಿದ್ದುದರಿಂದ ಅವರನ್ನು ಅಧ್ಯಾಪನಕ್ಕೆ ಕಳುಹಿಸಲಾಯಿತು. ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ಎರಡು ಬಾರಿಯೂ ಅವರಿಗೆ ಯಶಸ್ಸು ದೊರೆಯಲಿಲ್ಲ.

ಬ್ರನೋ ಪ್ರದೇಶವು ಉಣ್ಣೆ ಮತ್ತು ಕುರಿತಳಿಗಳಿಗೆ ಹೆಸರಾಗಿತ್ತು. ಆ ಮಠದ ಅಧಿಪತಿ ಸಿರಿಲ್ ನಾಪ್ ಅವರು 1837ರಷ್ಟು ಹಿಂದೆಯೇ ಕುರಿ ಸಾಕುವವರ ಮುಂದೆ, ಪೀಳಿಗೆಯಿಂದ ಪೀಳಿಗೆಗೆ ಇಳಿದುಬರುವುದು ಏನು, ಅದು ಇಳಿಯುವುದು ಹೇಗೆ ಎಂಬುದೇ ಮೂಲಪ್ರಶ್ನೆಯೆಂದು ಎತ್ತಿ ತೋರಿಸಿದ್ದರು. ಮೆಂಡೆಲರು ಅದಕ್ಕೆ ಮಠದ ತೋಟದಲ್ಲಿ ಉತ್ತರ ಹುಡುಕಿದರು. 1856ರಿಂದ 1863ರವರೆಗೆ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿದರು. ದುಂಡುಕಾಳಿನ ಗಿಡವನ್ನು ಸುಕ್ಕುಕಾಳಿನ ಗಿಡದೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು; ಮುಂದಿನ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಮರೆಯಾದದ್ದು ನಾಶವಾಗಿರಲಿಲ್ಲ. ತೋರುವ ರೂಪ ಬೇರೆ, ಒಳಗೆ ಅಡಗಿ ಮುಂದಕ್ಕೆ ಸಾಗುವ ತತ್ತ್ವ ಬೇರೆ.

1866ರಲ್ಲಿ ಪ್ರಕಟವಾದ ಈ ಶೋಧವನ್ನು ಲೋಕ ಹೆಚ್ಚು ಗಮನಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಅವರ ಕೊನೆಯ ವರ್ಷಗಳು ಸರಕಾರದೊಂದಿಗಿನ ತೆರಿಗೆ ವಿವಾದದಲ್ಲೇ ಸವೆದವು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಅವರು ದೈವಾಧೀನರಾದರು. 1900ರಲ್ಲಿ ಮೂವರು ವಿದ್ವಾಂಸರು ಆ ನಿಯಮಗಳನ್ನು ಮತ್ತೆ ಬೆಳಕಿಗೆ ತಂದರು.

ಆದರೆ ಹಾಲಿನ ಇಳುವರಿ ಬಟಾಣಿಯ ಸುಕ್ಕಿನಂತೆ ಒಂದೇ ವಂಶವಾಹಿಯ ಕೆಲಸವಲ್ಲ. ಅದು ಅಸಂಖ್ಯ ಸಣ್ಣ ವಂಶವಾಹಿಗಳ ಮೊತ್ತ. ಮೇವು, ಆರೈಕೆ, ಹವೆಗಳ ಫಲವೂ ಹೌದು. ಆದುದರಿಂದ ಹೋರಿಯನ್ನು ಅದರ ಮೈಕಟ್ಟಿನಿಂದಲ್ಲ, ಅದರ ಹೆಣ್ಣುಮಕ್ಕಳು ಕೊಟ್ಟ ಹಾಲಿನಿಂದ ಅಳೆಯುವ ಕ್ರಮ ಬಂತು. ಅದಕ್ಕೆ ಐದಾರು ವರ್ಷ ಕಾಯಬೇಕು. 2001ರಲ್ಲಿ ಮೂವರು ವಿಜ್ಞಾನಿಗಳು ಬೇರೊಂದು ಮಾರ್ಗ ತೋರಿದರು: ಕರುವಿನ ಜೀನೋಮ್‌ನಲ್ಲಿರುವ ಸಾವಿರಾರು ಗುರುತುಗಳನ್ನು ಓದಿ, ಹಾಲಿನ ಲೆಕ್ಕ ತಿಳಿದಿರುವ ಪಶುಗಳ ಗುರುತುಗಳೊಡನೆ ಹೋಲಿಸಿ, ಹುಟ್ಟಿದಾಗಲೇ ಅದರ ಯೋಗ್ಯತೆಯನ್ನು ಅಂದಾಜಿಸುವುದು. ಅಮೆರಿಕದಲ್ಲಿ 2009ರಿಂದ ಹೋಲ್‌ಸ್ಟೀನ್ ತಳಿಗೆ ಇದು ಅಧಿಕೃತ ಕ್ರಮವಾಯಿತು. ಇದೇ ಉದ್ದೇಶದ 'ಗೌ ಚಿಪ್' ಭಾರತದಲ್ಲಿ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು.

ಇಲ್ಲಿ ನಮ್ಮ ಪಾಲಿನ ಹೊಣೆಯೊಂದಿದೆ. ದಾಖಲೆ ಸುಳ್ಳಾದರೆ ಅಂದಾಜೂ ಸುಳ್ಳು. ಪರದೇಶದ ಹಸುಗಳ ಲೆಕ್ಕದಿಂದ ಮಾಡಿದ ಅಂದಾಜು ಘಟ್ಟದ ಬುಡದ ಮಳೆ, ಸೆಕೆಗಳಲ್ಲಿ ಬಾಳುವ ನಮ್ಮ ಮಿಶ್ರತಳಿಗೂ ಮಲೆನಾಡು ಗಿಡ್ಡಕ್ಕೂ ಹಾಗೆಯೇ ಹೊಂದದು. ಹೋರಿಯ ಸಂಖ್ಯೆ, ಕರು ಹಾಕಿದ ದಿನ, ಹೊತ್ತುಹೊತ್ತಿನ ಹಾಲು: ಇವನ್ನು ಮನೆಯ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದಿಡೋಣ. ಕಡಸನ್ನು ಇಟ್ಟುಕೊಳ್ಳಬೇಕೇ, ಮಾರಬೇಕೇ ಎಂಬ ಪ್ರಶ್ನೆ ಬಂದಾಗ ಮೈಬಣ್ಣಕ್ಕಿಂತ ಆ ಪುಸ್ತಕವೇ ಒಳ್ಳೆಯ ಸಲಹೆಗಾರ. ಮೆಂಡೆಲರು ಮಾಡಿದ್ದೂ ಅದನ್ನೇ: ತಮ್ಮ ಜೀವಿತಕಾಲದಲ್ಲಿ ಫಲ ಕಾಣದಿದ್ದರೂ, ಒಂದು ಕಾಳನ್ನೂ ಬಿಡದೆ ಎಣಿಸಿ ಬರೆದಿಟ್ಟರು.