ಮದುವೆಯ ನಂತರದ ಕಥೆ ಹೇಳಿದವರು

ನನಗೆ ಇಪ್ಪತ್ತು ವರ್ಷ, ಬಿ.ಇ. ಓದುತ್ತಿದ್ದೇನೆ. ಪ್ರೇಮ ಕಾದಂಬರಿಗಳೆಂದರೆ ನನಗೆ ಪ್ರಾಣ. ಇದನ್ನು ಹೇಳಿಕೊಳ್ಳಲು ಈಗಲೂ ಸ್ವಲ್ಪ ಸಂಕೋಚ. ಹಾಸ್ಟೆಲ್‌ನಲ್ಲಿ ಗೆಳೆಯರು ಪ್ಲೇಸ್‌ಮೆಂಟ್‌ಗೆ ತಯಾರಿ ನಡೆಸುವಾಗ, ಆಪ್ಟಿಟ್ಯೂಡ್ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಓದಿ ಸಿಕ್ಕಿಬಿದ್ದವನು ನಾನು. ರಾಜರ ಕಾಲದ ಕಥೆಯಾಗಲಿ, ಇಂದಿನ ಐಟಿ ಆಫೀಸಿನ ಕಥೆಯಾಗಲಿ, ಕೊನೆಗೆ ಇಬ್ಬರೂ ಒಂದಾದರೆ ಸಾಕು. ಮದುವೆ ಆಯಿತೆಂದರೆ ಪುಸ್ತಕ ಮುಚ್ಚಿ ನೆಮ್ಮದಿಯಿಂದ ಮಲಗುತ್ತಿದ್ದೆ.

ಆ ನೆಮ್ಮದಿ ಕೆಡಿಸಿದವರು ತ್ರಿವೇಣಿ. ರಜೆಗೆಂದು ನಮ್ಮೂರು ದಿಗ್ಗೇವಾಡಿಗೆ ಹೋಗಿದ್ದಾಗ ಅವ್ವನ ಟ್ರಂಕಿನಲ್ಲಿ ಹಳೆಯ ‘ಶರಪಂಜರ’ ಸಿಕ್ಕಿತು. ಅದನ್ನು ಓದಿ ಮುಗಿಸಿದ ಮೇಲೆ ಬರೆದವರು ಯಾರೆಂದು ಹುಡುಕುತ್ತಾ ಹೋದೆ.

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯದಲ್ಲಿ. ಮನೆಯಲ್ಲಿಟ್ಟ ಹೆಸರು ಭಾಗೀರಥಿ, ಶಾಲೆಗೆ ಸೇರಿದ ಮೇಲೆ ಅನಸೂಯಾ. ತ್ರಿವೇಣಿ ಎಂಬುದು ಕಾವ್ಯನಾಮ. ಅವರದು ಬರಹಗಾರರ ಮನೆತನ. ನವೋದಯದ ಕವಿ ಬಿ.ಎಂ.ಶ್ರೀ. ಅವರಿಗೆ ದೊಡ್ಡಪ್ಪ. ಕಾದಂಬರಿಗಾರ್ತಿ ವಾಣಿ ಅದೇ ಕುಟುಂಬದವರು. ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಮುಂದೆ ಲೇಖಕಿಯಾದರು. ಮೈಸೂರಿನಲ್ಲಿ ಓದಿದ ಅನಸೂಯಾ 1947ರಲ್ಲಿ ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಪದವಿ ಪಡೆದರು. ಆಗ ಅವರಿಗೆ ನನಗಿಂತಲೂ ಕಡಿಮೆ ವಯಸ್ಸು! ಓದಿದ ವಿಷಯವನ್ನು ಪರೀಕ್ಷೆ ಮುಗಿದ ಕೂಡಲೇ ಮರೆಯುವವರು ನಾವು. ಅವರು ಅದನ್ನು ಬದುಕಿನುದ್ದಕ್ಕೂ ಬಳಸಿಕೊಂಡರು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಮೈಸೂರಿನಲ್ಲಿ ನೆಲೆಸಿದರು. ಮೊದಲ ಕಾದಂಬರಿ ‘ಅಪಸ್ವರ’ ಬಂದಿದ್ದು 1953ರಲ್ಲಿ. ಅಲ್ಲಿಂದ ಅವರಿಗೆ ಸಿಕ್ಕಿದ್ದು ಹತ್ತೇ ವರ್ಷ. ಅಷ್ಟರಲ್ಲಿ ಇಪ್ಪತ್ತು ಕಾದಂಬರಿ, ಮೂರು ಕಥಾಸಂಕಲನಗಳಷ್ಟು ಬರೆದರು.

ಅವರ ಕಥೆಗಳಲ್ಲಿ ಪ್ರೀತಿಗೆ ಬರವಿಲ್ಲ. ಆದರೆ ಅದಕ್ಕೆ ಪರೀಕ್ಷೆ ತಪ್ಪುವುದೇ ಇಲ್ಲ. ‘ಬೆಳ್ಳಿಮೋಡ’ದ ಇಂದಿರಾಳಿಗೆ ನಿಶ್ಚಯವಾದ ಹುಡುಗ ಅವಳ ತಂದೆಯ ಹಣದಲ್ಲೇ ವಿದೇಶಕ್ಕೆ ಹೋಗಿ ಓದುತ್ತಾನೆ. ಅವಳಿಗೊಬ್ಬ ತಮ್ಮ ಹುಟ್ಟಿ, ಆಸ್ತಿ ಅವಳ ಪಾಲಿಗಿಲ್ಲ ಎಂದು ಗೊತ್ತಾದಾಗ ಅವನ ಪ್ರೀತಿಯೂ ಮಾಯ. ಮುಂದೆ ಅವನು ಮನಸ್ಸು ಬದಲಿಸಿ ಬಂದರೂ ಇಂದಿರಾ ಒಪ್ಪುವುದಿಲ್ಲ. ನಾನು ಓದಿಕೊಂಡು ಬಂದ ಕಥೆಗಳ ಪ್ರಕಾರ ಅವರಿಬ್ಬರೂ ಒಂದಾಗಬೇಕಿತ್ತು. ಆದರೆ ಪುಸ್ತಕ ಮುಚ್ಚಿದಾಗ ಅವಳು ಮಾಡಿದ್ದೇ ಸರಿ ಅನ್ನಿಸಿತು.

‘ಶರಪಂಜರ’ದ ಕಾವೇರಿಯದು ಇನ್ನೂ ಕಠಿಣವಾದ ಕಥೆ. ಸುಖವಾಗಿದ್ದ ಸಂಸಾರ. ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ರೋಗ ಅವಳನ್ನು ಬಿಟ್ಟರೂ ಜನ ಬಿಡುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಕೈಹಿಡಿದ ಗಂಡನೇ ದೂರವಾಗುತ್ತಾನೆ.

ಇಲ್ಲಿ ನಾನು ಓದು ನಿಲ್ಲಿಸಿ ಸುಮ್ಮನೆ ಕೂತೆ. ಏಕೆಂದರೆ ನಮ್ಮ ವೈನಿಗೂ ಹೆರಿಗೆಯಾದ ಮೇಲೆ ಹೀಗೇ ಆಗಿತ್ತು. ನಿದ್ದೆಯಿಲ್ಲ, ಅಳು ನಿಲ್ಲುತ್ತಿರಲಿಲ್ಲ, ಕೂಸನ್ನು ಮುಟ್ಟಲೂ ಹೆದರುತ್ತಿದ್ದರು. ಅಣ್ಣ ಮಿರಜಿನ ಡಾಕ್ಟರ್ ಹತ್ತಿರ ಕರೆದೊಯ್ದ. ಕೆಲವು ತಿಂಗಳ ಔಷಧದಿಂದ ಆರಾಮಾದರು. ಆದರೆ ಆಮೇಲೂ ಅವರ ಕೈಯಲ್ಲಿ ಕೂಸು ಇದ್ದಾಗ ಮನೆಯವರೊಬ್ಬರು ಹತ್ತಿರವೇ ಇರುತ್ತಿದ್ದೆವು. ಟಿ.ವಿ. ನೋಡುತ್ತಾ ಅವರು ಜೋರಾಗಿ ನಕ್ಕರೆ ಎಲ್ಲರ ಕಣ್ಣೂ ಅವರತ್ತ ಹೊರಳುತ್ತಿತ್ತು. ನನ್ನ ಕಣ್ಣು ಕೂಡ. ಕಾವೇರಿಯ ನೆರೆಹೊರೆಯವರ ಮೇಲೆ ಸಿಟ್ಟುಗೊಂಡಿದ್ದ ನಾನು ಅವರಲ್ಲೇ ಒಬ್ಬನಾಗಿದ್ದೆ.

ತ್ರಿವೇಣಿಯವರ ಬದುಕಿನ ಕೊನೆ ತಿಳಿದಾಗ ಸಂಕಟ ಇನ್ನೂ ಹೆಚ್ಚಾಯಿತು. ಮಗುವಿಗಾಗಿ ಹಂಬಲಿಸಿದ್ದ ಅವರಿಗೆ ಹಲವು ಬಾರಿ ಗರ್ಭಪಾತವಾಗಿತ್ತು. 1963ರಲ್ಲಿ ಕೊನೆಗೂ ಮಗಳು ಹುಟ್ಟಿದಳು. ಅದಾಗಿ ಹತ್ತು ದಿನಕ್ಕೆ, ಜುಲೈ 29ರಂದು ತಾಯಿ ತೀರಿಕೊಂಡರು. ಮೂವತ್ತೈದು ಕೂಡ ತುಂಬಿರಲಿಲ್ಲ. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ವನ್ನೂ, 1971ರಲ್ಲಿ ‘ಶರಪಂಜರ’ವನ್ನೂ ತೆರೆಗೆ ತಂದರು. ಕಲ್ಪನಾ ಅಭಿನಯದ ಕಾವೇರಿಯನ್ನು ನಾಡೇ ನೋಡಿ ಅತ್ತಿತು. ಅದನ್ನು ನೋಡಲು ಬರೆದವರೇ ಇರಲಿಲ್ಲ.

ಮೊನ್ನೆ ರಜೆಗೆ ಹೋದಾಗ ಅಂಗಳದಲ್ಲಿ ಕೂಸು ನನ್ನ ತೊಡೆಯ ಮೇಲಿತ್ತು. ವೈನಿ ಒಳಗಿನಿಂದ ಬಂದರು. ಎರೆದುಕೊಂಡು ಬನ್ನಿ ಎಂದು ಕೂಸನ್ನು ಅವರ ಕೈಗೆ ಕೊಟ್ಟು, ಹಿಂದೆ ಹೋಗದೆ ಹೊರಗೇ ಕೂತೆ. ಬಚ್ಚಲಿನಿಂದ ತಾಯಿ, ಮಗು ಇಬ್ಬರೂ ನಗುವುದು ಕೇಳಿಸಿತು. ಈ ಸಲ ನಾನು ತಿರುಗಿ ನೋಡಲಿಲ್ಲ.

ಪ್ರೇಮ ಕಾದಂಬರಿ ಓದಿ ಏನು ಸಿಗುತ್ತದೆ ಎಂದು ಗೆಳೆಯರು ಈಗಲೂ ಕೇಳುತ್ತಾರೆ. ಸಂದರ್ಶನದಲ್ಲಿ ಹೇಳುವಂಥದ್ದೇನೂ ಸಿಕ್ಕಿಲ್ಲ ನಿಜ. ಆದರೆ ಮನೆಯಲ್ಲಿ ನಡೆದುಕೊಳ್ಳುವುದು ಹೇಗೆಂದು ಸ್ವಲ್ಪ ಕಲಿತಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ತ್ರಿವೇಣಿ ಇರಬಹುದು, ಒಮ್ಮೆ ತೆರೆದು ನೋಡಿ.